ಆಕಾರ ಮಿಶ್ರಣ: ಕೈಗಾರಿಕಾ ವಿನ್ಯಾಸದಲ್ಲಿ ಕಂಪ್ಯೂಟರಿನ ನೆರವು

ಎರಡು ಅಥವಾ ಹೆಚ್ಚು ಆಕಾರಗಳನ್ನು ಲೆಕ್ಕಾಚಾರದಿಂದ ಬೆರೆಸಿ ಹೊಸ ಆಕಾರ ಪಡೆಯುವುದೇ ಆಕಾರ ಮಿಶ್ರಣ. ಸಿನಿಮಾದಲ್ಲಿ ಒಂದು ಮುಖ ಇನ್ನೊಂದಾಗಿ ಬದಲಾಗುವ ಮಾರ್ಫಿಂಗ್ ಇದರದೇ ದಾಯಾದಿ. ಸಿನಿಮಾಕ್ಕೆ ಬೇಕಾದದ್ದು ಬದಲಾವಣೆಯ ಓಟ. ವಿನ್ಯಾಸಕಾರರಿಗೆ ಬೇಕಾದದ್ದು ನಡುವೆ ಸಿಗುವ ಆಕಾರ.

ಹಿನ್ನೆಲೆ

ಫ್ರಾನ್ಸಿನ ಕಾರು ಕಂಪನಿಗಳಾದ ಸಿಟ್ರೊಯೆನ್‌ನಲ್ಲಿ ಪಾಲ್ ಡಿ ಕಾಸ್ತೆಲ್ಜೊ, ರೆನೊದಲ್ಲಿ ಪಿಯರ್ ಬೆಜಿಯೆ ವಕ್ರರೇಖೆಗಳನ್ನು ಗಣಿತಕ್ಕೆ ಒಗ್ಗಿಸಿದ್ದರಿಂದ ಕಾರಿನ ಮೈಯನ್ನು ಸಂಖ್ಯೆಗಳಲ್ಲಿ ಹಿಡಿದಿಡುವುದು ಸಾಧ್ಯವಾಯಿತು. ಸಂಖ್ಯೆಯಾದದ್ದನ್ನು ಸರಾಸರಿಯೂ ಮಾಡಬಹುದು. ಶೆನ್‌ಚಾಂಗ್ ಎರಿಕ್ ಚೆನ್ ಮತ್ತು ರಿಚರ್ಡ್ ಪೇರೆಂಟ್ 1989ರಲ್ಲಿ ಪ್ರಕಟಿಸಿದ ಪ್ರಬಂಧ, ಆಕಾರಗಳ ಸರಾಸರಿಯನ್ನು ಕೈಗಾರಿಕಾ ವಿನ್ಯಾಸಕ್ಕೆ ನೇರವಾಗಿ ಅನ್ವಯಿಸಿತು.

ಕೆಲಸ ಮಾಡುವ ಬಗೆ

ಒಂದು ಬಾಟಲಿಯ ಹೊಟ್ಟೆಯ ತ್ರಿಜ್ಯ 20 ಮಿಲಿಮೀಟರ್, ಇನ್ನೊಂದರದು 40 ಎನ್ನೋಣ. ಸಮಪಾಲಿನಲ್ಲಿ ಬೆರೆಸಿದರೆ 30. ಎರಡನೆಯದಕ್ಕೆ ಕಾಲು ಪಾಲು ಕೊಟ್ಟರೆ 25. ಎರಡನೆಯದನ್ನೂ ದಾಟಿ ಅರ್ಧ ಪಾಲು ಮುಂದೆ ಹೋದರೆ 50. ಹೀಗೆ ಒಂದು ಮಾದರಿಯ ಗುಣವನ್ನು ಇನ್ನಷ್ಟು ಎದ್ದು ಕಾಣಿಸಬಹುದು. ಇದೇ ಲೆಕ್ಕವನ್ನು ಮೇಲ್ಮೈಯ ಪ್ರತಿ ಬಿಂದುವಿಗೂ ಮಾಡಿದರೆ ಹೊಸ ಬಾಟಲಿ ರೂಪುಗೊಳ್ಳುತ್ತದೆ.

ತೊಡಕುಗಳು

ಯಾವ ಬಿಂದುವಿಗೆ ಯಾವುದು ಜೋಡಿ ಎಂಬುದೇ ನಿಜವಾದ ಕಗ್ಗಂಟು. ಜೋಡಿ ತಪ್ಪಿದರೆ ಆಕಾರ ತಿರುಚಿಕೊಳ್ಳುತ್ತದೆ. ಜೋಡಿ ಸರಿಯಿದ್ದರೂ ಬಿಂದುಗಳನ್ನು ನೇರ ಗೆರೆಯಲ್ಲಿ ಸರಿಸುವುದು ಸಾಲದು: 90 ಡಿಗ್ರಿ ತಿರುಗಬೇಕಾದ ಸರಳು ನಡುದಾರಿಯಲ್ಲಿ ಸುಮಾರು ಶೇ. 71ರಷ್ಟು ಉದ್ದಕ್ಕೆ ಕುಗ್ಗುತ್ತದೆ; 180 ಡಿಗ್ರಿಯಾದರೆ ಒಂದೇ ಬಿಂದುವಾಗಿಬಿಡುತ್ತದೆ.

ಪರಿಹಾರಗಳು

ಥಾಮಸ್ ಸೆಡರ್‌ಬರ್ಗ್ ಮತ್ತು ಯೂಜೀನ್ ಗ್ರೀನ್‌ವುಡ್ 1992ರಲ್ಲಿ ಆಕಾರದ ಅಂಚನ್ನು ತಂತಿಯೆಂದು ಭಾವಿಸಿ, ಅದನ್ನು ಬಾಗಿಸಲು ಮತ್ತು ಹಿಗ್ಗಿಸಲು ಕನಿಷ್ಠ ಶ್ರಮ ಬೇಡುವ ಜೋಡಿಗಳನ್ನು ಹುಡುಕಿದರು. ಮರುವರ್ಷ ಸೆಡರ್‌ಬರ್ಗ್ ಮತ್ತು ಸಂಗಡಿಗರು ಬಿಂದುಗಳ ಬದಲು ಅಂಚುಗಳ ಉದ್ದ ಮತ್ತು ಕೋನಗಳನ್ನೇ ಬೆರೆಸಿದರು.

ಹಿಡಿಯಿರುವ ಕಪ್ಪನ್ನು ಹಿಡಿಯಿಲ್ಲದ ಲೋಟದೊಂದಿಗೆ ಬೆರೆಸಬೇಕಾದಾಗ ದೂರಕ್ಷೇತ್ರದ ವಿಧಾನ ಒದಗುತ್ತದೆ. ಸುತ್ತಲಿನ ಪ್ರತಿ ಸ್ಥಾನದಿಂದ ಮೇಲ್ಮೈಗಿರುವ ದೂರವನ್ನು ಹೊರಗೆ ಧನ, ಒಳಗೆ ಋಣ ಎಂದು ಗುರುತಿಸಿ, ಎರಡೂ ವಸ್ತುಗಳ ದೂರಗಳ ಸರಾಸರಿ ತೆಗೆಯುತ್ತಾರೆ. ಸರಾಸರಿ ಸೊನ್ನೆಯಾಗುವ ಕಡೆಯಲ್ಲೆಲ್ಲ ಹೊಸ ಮೇಲ್ಮೈ ಇರುತ್ತದೆ. ಇಲ್ಲಿ ಜೋಡಿ ಹುಡುಕುವ ಗೋಜಿಲ್ಲ. ಆದರೆ ತೆಳುವಾದ ಭಾಗಗಳು ನಡುವೆ ಮಾಯವಾಗಬಹುದು.

ವಿನ್ಯಾಸಕಾರರ ಪಾತ್ರ

ಬೆರೆತು ಬಂದ ಆಕಾರ ಕೈಗೆ ಹಿತವೇ, ಅಚ್ಚಿನಿಂದ ಸಲೀಸಾಗಿ ಹೊರಬರುತ್ತದೆಯೇ, ಭಾರ ತಡೆಯುತ್ತದೆಯೇ ಎಂಬುದನ್ನು ಸರಾಸರಿಯ ಲೆಕ್ಕ ಹೇಳುವುದಿಲ್ಲ. ವಿನ್ಯಾಸ ಕಲಿಯುವವರು ಈ ಸಾಧನವನ್ನು ಧಾರಾಳವಾಗಿ ಬಳಸಲಿ. ಆದರೆ ಯಾವುದನ್ನು ಬೆರೆಸಬೇಕು, ಎಷ್ಟು ಬೆರೆಸಬೇಕು, ಯಾವುದನ್ನು ಕೈಬಿಡಬೇಕು ಎಂಬ ತೀರ್ಮಾನ ತಮ್ಮದಾಗಿಯೇ ಇರಲಿ.