ಸಂಶಯ ಹೆಣ್ಣಿನ ಮೇಲೆ, ಪುರಾವೆ ವೈರಸ್ಸಿನ ಮೇಲೆ

ಇಟಲಿಯ ವೆರೋನಾ ನಗರದ ವೈದ್ಯ ಡೊಮೆನಿಕೊ ರಿಗೋನಿ-ಸ್ಟರ್ನ್ 1842ರಲ್ಲಿ ತನ್ನೂರಿನ ಮರಣ ದಾಖಲೆಗಳನ್ನು ಹರಡಿಕೊಂಡು ಕೂತ. 1760ರಿಂದ 1839ರವರೆಗಿನ ಸಾವುಗಳ ಲೆಕ್ಕ ಅದು. ಗರ್ಭಕೋಶದ ಕ್ಯಾನ್ಸರ್‌ನಿಂದ ಸತ್ತವರಲ್ಲಿ ಮದುವೆಯಾದವರೂ ವಿಧವೆಯರೂ ಹೆಚ್ಚಿದ್ದರು, ಸನ್ಯಾಸಿನಿಯರು ತೀರಾ ಕಡಿಮೆ. ಸ್ತನ ಕ್ಯಾನ್ಸರ್‌ನಲ್ಲಿ ಲೆಕ್ಕ ತಿರುಗುಮುರುಗು. ಗರ್ಭಕಂಠದ ಗೆಡ್ಡೆ ಯಾವುದು, ಗರ್ಭಕೋಶದ ಒಳಗಿನದು ಯಾವುದು ಎಂದು ಆ ದಾಖಲೆಗಳು ಬೇರ್ಪಡಿಸಿರಲಿಲ್ಲ. ಆದರೂ ಈ ಕಾಯಿಲೆಗೂ ದಾಂಪತ್ಯಕ್ಕೂ ಏನೋ ನಂಟಿದೆ ಎಂಬ ಗುಮಾನಿ ಅಲ್ಲಿಂದ ಬೇರುಬಿಟ್ಟಿತು.

1950ರಲ್ಲಿ ಕೆನಡಾದ ಕ್ವಿಬೆಕ್‌ನ ವೈದ್ಯ ಫ್ಯಾಬಿಯನ್ ಗ್ಯಾನ್ಯೊನ್ ಕೂಡ ಸನ್ಯಾಸಿನಿಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಅಪರೂಪವೆಂದು ವರದಿ ಮಾಡಿದ. ಅಷ್ಟು ಸಾಕಾಯಿತು. ಎಳೆಯ ವಯಸ್ಸಿನ ಮದುವೆ, ಬೇಗ ಶುರುವಾದ ಲೈಂಗಿಕ ಸಂಪರ್ಕ, ಒಬ್ಬರಿಗಿಂತ ಹೆಚ್ಚು ಸಂಗಾತಿಗಳು, ಬಡತನ, ಹೆಚ್ಚು ಹೆರಿಗೆ ಎಂದು ಕಾರಣಗಳ ಪಟ್ಟಿ ಬೆಳೆಯಿತು. ಅಂಕಿಗಳು ಸುಳ್ಳಲ್ಲ. ಆದರೆ ಆ ಪಟ್ಟಿಯನ್ನು ಓದಿದರೆ ರೋಗಿಯ ಚಾರಿತ್ರ್ಯ ಪರೀಕ್ಷೆಯ ಪ್ರಶ್ನೆಪತ್ರಿಕೆಯಂತಿದೆ. ಗಂಡನನ್ನು ಯಾರೂ ಕೂರಿಸಿ ಕೇಳಿರಲಿಲ್ಲ.

ಲೈಂಗಿಕ ಸಂಪರ್ಕದಿಂದ ಹರಡುವ ರೋಗಾಣು ಇರಬೇಕೆಂದು ಹುಡುಕಾಟ ನಡೆದಾಗ, 1960ರ ದಶಕದ ಕೊನೆಯಲ್ಲಿ ಮೊದಲ ಆರೋಪಿಯಾಗಿ ನಿಂತದ್ದು ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನ ಎರಡನೆಯ ಬಗೆ. ರೋಗಿಗಳ ರಕ್ತದಲ್ಲಿ ಅದರ ವಿರುದ್ಧದ ಪ್ರತಿಕಾಯಗಳು ಹೆಚ್ಚು ಕಂಡವು. ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಮಾತ್ರ ಗೆಡ್ಡೆಯ ಜೀವಕೋಶಗಳಲ್ಲೇ ಹರ್ಪಿಸ್‌ನ ಡಿಎನ್‌ಎ ಹುಡುಕಿದರು, ಸಿಗಲಿಲ್ಲ. ಅವರ ಕಣ್ಣು ನರಹುಲಿ ಹುಟ್ಟಿಸುವ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ಗಳ (ಎಚ್‌ಪಿವಿ) ಕಡೆ ಹೊರಳಿತು. ಹಲವರಿಗೆ ಅದು ಹುಚ್ಚಾಟವೆನಿಸಿತು. 1983ರಲ್ಲಿ ಅವರ ತಂಡ ಗರ್ಭಕಂಠದ ಗೆಡ್ಡೆಯಿಂದ ಎಚ್‌ಪಿವಿ 16ನ್ನು, ಮರುವರ್ಷ ಎಚ್‌ಪಿವಿ 18ನ್ನು ಬೇರ್ಪಡಿಸಿತು. 1984ರಲ್ಲೇ ಪ್ರಾಗ್‌ನ ವ್ಲಾಡಿಮಿರ್ ವೊಂಕಾ ತಂಡದ ದೀರ್ಘ ಅಧ್ಯಯನ ಹರ್ಪಿಸ್‌ಗೂ ಈ ಕಾಯಿಲೆಗೂ ನಂಟು ಕಾಣಲಿಲ್ಲವೆಂದಿತು. ಬಾಲ್ಟಿಮೋರ್‌ನ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗೆಡ್ಡೆಯಿಂದ 1951ರಲ್ಲಿ ತೆಗೆದು, ಅಂದಿನಿಂದ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಲೇ ಬಂದಿರುವ ಹೀಲಾ ಜೀವಕೋಶಗಳಲ್ಲೂ ಎಚ್‌ಪಿವಿ 18 ಅಡಗಿ ಕೂತಿತ್ತು. ಝುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು.

1999ರಲ್ಲಿ ಯಾನ್ ವಾಲ್‌ಬೂಮರ್ಸ್ ಮತ್ತು ಸಂಗಡಿಗರು ಹಲವು ದೇಶಗಳ ಗೆಡ್ಡೆಗಳನ್ನು ಮರುಪರೀಕ್ಷಿಸಿ, ಶೇ 99.7ರಷ್ಟರಲ್ಲಿ ಎಚ್‌ಪಿವಿ ಇದೆಯೆಂದರು. ಇದಾದ ಮೇಲೆ ಹಳೆಯ ಪಟ್ಟಿಯ ಅರ್ಥವೇ ಬದಲಾಯಿತು. ಮದುವೆಯ ವಯಸ್ಸು, ಸಂಗಾತಿಗಳ ಸಂಖ್ಯೆ ಇವೆಲ್ಲ ಸೋಂಕು ತಗಲುವ ದಾರಿಗಳು ಮಾತ್ರ.

ಹಾಗಾದರೆ ಸೋಂಕು ತಗಲಿದವರಿಗೆಲ್ಲ ಕ್ಯಾನ್ಸರ್ ಬರಬೇಕಲ್ಲ? ಇಲ್ಲ. ಈ ಕ್ಷೇತ್ರದ ನಿಜವಾದ ಸ್ವಾರಸ್ಯ ಇಲ್ಲಿದೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ 608 ವಿದ್ಯಾರ್ಥಿನಿಯರನ್ನು ಮೂರು ವರ್ಷ ಹಿಂಬಾಲಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ 43ರಷ್ಟು ಮಂದಿಗೆ ಹೊಸದಾಗಿ ಸೋಂಕು ತಗಲಿತು. ಅದು ಉಳಿದ ಮಧ್ಯಮ ಅವಧಿ ಕೇವಲ ಎಂಟು ತಿಂಗಳು. ಲೈಂಗಿಕ ಜೀವನ ಶುರುವಾದ ಬಹುತೇಕರಿಗೆ ಒಂದಲ್ಲ ಒಂದು ಹೊತ್ತಿನಲ್ಲಿ ಈ ವೈರಸ್ ಬರುತ್ತದೆ, ನೆಗಡಿಯಂತೆ ಸದ್ದಿಲ್ಲದೆ ಹೋಗುತ್ತದೆ. ಎರಡು ವರ್ಷದೊಳಗೆ ದೇಹದ ರೋಗನಿರೋಧಕ ಶಕ್ತಿ ಅದನ್ನು ಅಡಗಿಸುವುದೇ ಹೆಚ್ಚು. ಅಪಾಯವಿರುವುದು ಹೋಗದೆ ಉಳಿದುಕೊಂಡವರಿಗೆ. ಇನ್ನೂರಕ್ಕೂ ಹೆಚ್ಚು ಬಗೆಗಳಲ್ಲಿ ಹನ್ನೆರಡು–ಹದಿನಾಲ್ಕು ಮಾತ್ರ ಕ್ಯಾನ್ಸರ್‌ಕಾರಕ. ಅವುಗಳಲ್ಲೂ 16 ಮತ್ತು 18 ಸೇರಿ ಸುಮಾರು ಶೇ 70ರಷ್ಟು ಪ್ರಕರಣಗಳಿಗೆ ಹೊಣೆ. ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ.

ಆ ದೀರ್ಘ ಅವಧಿಯಲ್ಲಿ ಯಾವುದು ವೈರಸ್‌ಗೆ ಕೈಜೋಡಿಸುತ್ತದೆ ಎಂಬುದೇ ಆಮೇಲಿನ ಸಂಶೋಧನೆಯ ಪ್ರಶ್ನೆಯಾಯಿತು. ಧೂಮಪಾನಕ್ಕೆ ಪುರಾವೆ ಗಟ್ಟಿ: ಗರ್ಭಕಂಠದ ಲೋಳೆಯಲ್ಲೇ ನಿಕೋಟಿನ್ ಪತ್ತೆಯಾಗಿದೆ. 2002ರ ಒಂದು ಅಂತರರಾಷ್ಟ್ರೀಯ ವಿಶ್ಲೇಷಣೆಯ ಪ್ರಕಾರ, ಸೋಂಕಿತರಲ್ಲಿ ಏಳು ಅಥವಾ ಅದಕ್ಕಿಂತ ಹೆಚ್ಚು ಹೆರಿಗೆಯಾದವರಿಗೆ ಹೆರದವರಿಗಿಂತ ಅಪಾಯ ನಾಲ್ಕು ಪಟ್ಟಿನ ಹತ್ತಿರ. ಗರ್ಭನಿರೋಧಕ ಮಾತ್ರೆಯನ್ನು ಐದು ವರ್ಷಕ್ಕೂ ಹೆಚ್ಚು ಕಾಲ ನುಂಗಿದವರಲ್ಲಿ ಅಪಾಯ ಏರುತ್ತದೆ, ಆದರೆ ಬಿಟ್ಟು ಹತ್ತು ವರ್ಷವಾದರೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಈ ಎರಡನೆಯ ಮಾತನ್ನು ಪತ್ರಿಕೆಗಳ ತಲೆಬರಹ ಹೆಚ್ಚಾಗಿ ನುಂಗಿಬಿಡುತ್ತದೆ. ಎಚ್‌ಐವಿ ಇರುವ ಮಹಿಳೆಯರಿಗೆ ಅಪಾಯ ಸುಮಾರು ಆರು ಪಟ್ಟು.

ಗಂಡಸರ ಸರದಿ ತಡವಾಗಿಯೇ ಬಂತು. 1982ರಲ್ಲಿ ಬ್ರಿಟನ್ನಿನ ಸಂಶೋಧಕರು, ಜೀವನದಲ್ಲಿ ಗಂಡನೊಬ್ಬನನ್ನೇ ಬಲ್ಲ ಮಹಿಳೆಯರನ್ನು ಆರಿಸಿ ಅವರ ಗಂಡಂದಿರನ್ನು ವಿಚಾರಿಸಿದರು. ಕಾಯಿಲೆ ಬಂದವರ ಗಂಡಂದಿರಿಗೆ ಹೆಚ್ಚು ಸಂಗಾತಿಗಳಿದ್ದದ್ದು ಕಂಡಿತು. ಸುನ್ನತಿ ಮಾಡಿಸಿಕೊಂಡ ಪುರುಷರಲ್ಲಿ ಎಚ್‌ಪಿವಿ ಕಡಿಮೆ ಎಂದು 2002ರಲ್ಲಿ ಐದು ದೇಶಗಳ ಅಧ್ಯಯನ ತೋರಿಸಿತು. 2006ರಲ್ಲಿ ಅಮೆರಿಕದ ಇನ್ನೊಂದು ಅಧ್ಯಯನ, ಸಂಗಾತಿ ಪ್ರತಿ ಸಲವೂ ಕಾಂಡೋಮ್ ಬಳಸಿದರೆ ಸೋಂಕು ಶೇ 70ರಷ್ಟು ತಗ್ಗುತ್ತದೆಂದಿತು. ಒಬ್ಬನೇ ಗಂಡ, ಒಂದೇ ಸಂಸಾರ ಎಂದು ಬದುಕಿದ ಭಾರತದ ಲಕ್ಷಾಂತರ ಹೆಂಗಸರಿಗೆ ಈ ರೋಗ ಬಂದದ್ದಕ್ಕೆ ಹಳೆಯ ಪಟ್ಟಿಯಲ್ಲಿ ಉತ್ತರವಿರಲಿಲ್ಲ, ಇಲ್ಲಿದೆ. ನಾಚಿಕೆಯಿಂದ ಆಸ್ಪತ್ರೆ ತಪ್ಪಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾದ ಕೆಲಸ ಇನ್ನೂ ಬಾಕಿ.

ಬೆಂಗಳೂರಿನ ಲೆಕ್ಕವೂ ಕುತೂಹಲದ್ದು. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ 1982ರಿಂದ ನಗರದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಆರಂಭದಲ್ಲಿ ಹೆಂಗಸರ ಕ್ಯಾನ್ಸರ್‌ಗಳಲ್ಲಿ ಮೊದಲ ಸ್ಥಾನ ಗರ್ಭಕಂಠದ್ದು. ದಶಕಗಳಲ್ಲಿ ಅದರ ಪ್ರಮಾಣ ಇಳಿದು ಸ್ತನ ಕ್ಯಾನ್ಸರ್ ಮುಂದೆ ಬಂತು. ಎಚ್‌ಪಿವಿ ವಿರುದ್ಧ ಲಸಿಕೆಯಿರಲಿಲ್ಲ, ವ್ಯವಸ್ಥಿತ ತಪಾಸಣೆಯೂ ಇರಲಿಲ್ಲ. ತಡವಾದ ಮದುವೆ, ಕಡಿಮೆ ಮಕ್ಕಳು, ಸುಧಾರಿಸಿದ ಬದುಕು ಇವೇ ಕಾರಣವಿರಬೇಕೆಂದು ತಜ್ಞರ ಊಹೆ. ಆ ಊಹೆ ನಿಜವಾದರೆ, ಮದುವೆಯನ್ನು ಮುಂದೂಡಿದ ಹೆಣ್ಣುಮಕ್ಕಳ ಶಾಲೆ ಕ್ಯಾನ್ಸರ್ ತಡೆಯುವಷ್ಟು ಕೆಲಸ ಮಾಡಿತೆಂದರೆ ಅತಿಶಯವಾಗಲಿಕ್ಕಿಲ್ಲ.

ಆದರೂ 2022ರ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಹೊಸ ಪ್ರಕರಣಗಳು, 80 ಸಾವಿರದಷ್ಟು ಸಾವುಗಳು. ಮಾರಕವಾಗುತ್ತಿರುವುದು ತಪಾಸಣೆ ಇಲ್ಲದಿರುವುದು. ಮಹಾರಾಷ್ಟ್ರದ ಆಗಿನ ಉಸ್ಮಾನಾಬಾದ್ ಜಿಲ್ಲೆಯ 30ರಿಂದ 59 ವಯಸ್ಸಿನ 1.31 ಲಕ್ಷ ಮಹಿಳೆಯರ ಅಧ್ಯಯನದಲ್ಲಿ, ಒಂದೇ ಒಂದು ಸುತ್ತಿನ ಎಚ್‌ಪಿವಿ ಪರೀಕ್ಷೆ ಈ ಕ್ಯಾನ್ಸರ್‌ನ ಸಾವುಗಳನ್ನು ಅರ್ಧದಷ್ಟು ತಗ್ಗಿಸಿತೆಂದು 2009ರಲ್ಲಿ ಪ್ರಕಟವಾಯಿತು. ಒಂದೇ ಡೋಸ್ ಲಸಿಕೆಯೂ ಬಹುಕಾಲ ಕಾಯುತ್ತದೆ ಎಂಬ ತಿಳಿವಿಗೂ ಭಾರತದ್ದೇ ಪ್ರಯೋಗ ದೊಡ್ಡ ಆಧಾರ. 2010ರಲ್ಲಿ ಅದು ನಡುವೆ ನಿಂತುಹೋದದ್ದರಿಂದ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ವರ್ಷಗಳ ನಂತರ ನೋಡಿದರೆ ಅವರಿಗೂ ರಕ್ಷಣೆ ಇತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸನ್ನೂ ಒಪ್ಪಿತು.

ಲಸಿಕೆ ಮುಂದಿನ ತಲೆಮಾರಿಗೆ. ಈಗಿನ ಅಮ್ಮಂದಿರಿಗೆ ಬೇಕಾದದ್ದು ತಪಾಸಣೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ, ದೇಶದ 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ಶೇ 1.9 ಮಾತ್ರ.