ಊಟದ ಸಲಹೆ ಕೊಡಲು ಲೈಸೆನ್ಸ್ ಬೇಕೇ? ಅಮೆರಿಕದ ಎರಡು ಪ್ರಕರಣಗಳ ಕಥೆ

‘ಅಮೆರಿಕದಲ್ಲಿ ಲೈಸೆನ್ಸ್ ಇಲ್ಲದೆ ಡಯಟ್ ಸಲಹೆ ಕೊಟ್ಟರೆ ಜೈಲು’ ಎಂಬ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ ನಂಬಬಹುದೇ? ಅರ್ಧ ನಂಬಬಹುದು. ಇಡೀ ಅಮೆರಿಕಕ್ಕೆ ಅನ್ವಯಿಸುವ ಇಂಥ ಕಾನೂನು ಇಲ್ಲ, ಒಂದೊಂದು ರಾಜ್ಯದ್ದು ಒಂದೊಂದು ನಿಯಮ. ಕೆಲವು ಕಡೆ ಯಾರು ಬೇಕಾದರೂ ಸಲಹೆ ಕೊಡಬಹುದು, ಆದರೆ ಅರ್ಹತೆ ಇಲ್ಲದವರು ‘ರಿಜಿಸ್ಟರ್ಡ್ ಡಯೆಟಿಷಿಯನ್’ ಎಂದು ಹೇಳಿಕೊಳ್ಳುವಂತಿಲ್ಲ. ಇನ್ನು ಕೆಲವು ಕಡೆ ಲೈಸೆನ್ಸ್ ಇಲ್ಲದವರು ಸಲಹೆಯನ್ನೇ ಕೊಡುವಂತಿಲ್ಲ. ವಿವಾದ ಇರುವುದು ಈ ಎರಡನೆಯ ಬಗೆಯ ಕಾನೂನಿನ ಬಗ್ಗೆ.

ಹೀದರ್ ಡೆಲ್ ಕ್ಯಾಸ್ಟಿಲೊ ಕ್ಯಾಲಿಫೋರ್ನಿಯಾದಲ್ಲಿ ಆಹಾರ ಮತ್ತು ಆರೋಗ್ಯದ ಬಗ್ಗೆ ಶುಲ್ಕ ಪಡೆದು ಸಲಹೆ ಕೊಡುತ್ತಿದ್ದರು. ಅಲ್ಲಿ ಅದು ಕಾನೂನುಬದ್ಧ. 2015ರಲ್ಲಿ ಫ್ಲೋರಿಡಾಕ್ಕೆ ಮನೆ ಬದಲಿಸಿದ ಮೇಲೂ ಅದೇ ಕೆಲಸ ಮುಂದುವರಿಸಿದರು. ಲೈಸೆನ್ಸ್ ಇದ್ದ ಒಬ್ಬ ಡಯೆಟಿಷಿಯನ್ ದೂರು ಕೊಟ್ಟರು. ಆರೋಗ್ಯ ಇಲಾಖೆಯ ತನಿಖಾಧಿಕಾರಿ ಗ್ರಾಹಕನ ಸೋಗಿನಲ್ಲಿ ಇಮೇಲ್ ಕಳಿಸಿದರು, ಇವರು ಉತ್ತರ ಕೊಟ್ಟರು. 2017ರಲ್ಲಿ ದಂಡ ಮತ್ತು ತನಿಖಾ ವೆಚ್ಚ ಸೇರಿ 754 ಡಾಲರ್ ಕಟ್ಟಬೇಕಾಯಿತು. ಲೈಸೆನ್ಸ್ ಬೇಕೆಂದರೆ ಅಲ್ಲಿ ಪದವಿ, 900 ಗಂಟೆಗಳ ತರಬೇತಿ, ಜೊತೆಗೆ ಒಂದು ಪರೀಕ್ಷೆ.

ಅದೇ ಕಾನೂನಿನಲ್ಲಿ ಒಂದು ವಿನಾಯಿತಿಯೂ ಇತ್ತು. ಆಹಾರ ಪದಾರ್ಥ, ಸಪ್ಲಿಮೆಂಟ್ ಮಾರುವವರು ತಮ್ಮ ಸರಕಿನ ಉಪಯೋಗ, ಲಾಭಗಳನ್ನು ವಿವರಿಸಬಹುದು, ಸಲಹೆಗೆಂದು ಪ್ರತ್ಯೇಕ ಶುಲ್ಕ ಪಡೆಯದಿದ್ದರೆ ಸಾಕು. ಅಂದರೆ ಪ್ರೋಟೀನ್ ಪೌಡರ್ ಡಬ್ಬಿ ಮಾರುತ್ತಾ ಅದರ ಗುಣಗಾನ ಮಾಡಬಹುದು, ಏನನ್ನೂ ಮಾರದೆ ‘ಬೇಳೆ, ಮೊಟ್ಟೆ ತಿನ್ನಿ’ ಎಂದು ಹೇಳಿ ಫೀಸು ತೆಗೆದುಕೊಂಡರೆ ತಪ್ಪು! ಇದು ಜನರ ಆರೋಗ್ಯ ಕಾಯುವ ನಿಯಮವೋ, ಒಂದು ವೃತ್ತಿಯವರ ಸಂಪಾದನೆ ಕಾಯುವ ನಿಯಮವೋ ಎಂಬ ಅನುಮಾನ ನಮಗೆ ಬಂದದ್ದು ಇಲ್ಲಿಯೇ.

ಇನ್ನೊಂದು ಪ್ರಕರಣ ನಾರ್ತ್ ಕೆರೊಲಿನಾದ್ದು. 2009ರಲ್ಲಿ ಸಕ್ಕರೆ ಕಾಯಿಲೆಯಿಂದ ಆಸ್ಪತ್ರೆ ಸೇರಿದ ಸ್ಟೀವ್ ಕುಕ್ಸಿ ಆಮೇಲೆ ಕಾರ್ಬೊಹೈಡ್ರೇಟ್ ತೀರಾ ಕಡಿಮೆ ಮಾಡಿ ತೂಕ ಇಳಿಸಿಕೊಂಡರು, ಇನ್ಸುಲಿನ್ ಕೂಡ ಬೇಡವಾಯಿತು ಎಂದು ತಮ್ಮ ವೆಬ್‌ಸೈಟಿನಲ್ಲಿ ಬರೆದರು, ಓದುಗರ ಪ್ರಶ್ನೆಗಳಿಗೆ ಉತ್ತರಿಸಿದರು. ತಾವು ಡಾಕ್ಟರ್ ಅಲ್ಲ ಎಂದು ಅಲ್ಲಿಯೇ ಹೇಳಿದ್ದರು. 2012ರಲ್ಲಿ ರಾಜ್ಯದ ಪೋಷಣಾ ಮಂಡಳಿ ಅವರ ಬರಹಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ಕಳಿಸಿತು. ‘ನಾನು ಇದನ್ನು ತಿನ್ನುತ್ತೇನೆ’ ಎನ್ನಬಹುದು, ಕೇಳಿದವರಿಗೆ ‘ನೀವು ಇದನ್ನು ತಿನ್ನಿ’ ಎನ್ನುವಂತಿಲ್ಲ.

ಕುಕ್ಸಿ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟ್ ಕೇಸನ್ನೇ ವಜಾ ಮಾಡಿತು. 2013ರಲ್ಲಿ ಮೇಲ್ಮನವಿ ಕೋರ್ಟ್, ಅವರಿಗೆ ಕೇಸು ಹಾಕುವ ಹಕ್ಕಿದೆ ಎಂದಿತು. ಬಳಿಕ ಮಂಡಳಿ ತನ್ನ ಮಾರ್ಗಸೂಚಿ ಸಡಿಲಿಸಿತು, ಕೇಸು ಅಲ್ಲಿಗೆ ಮುಗಿಯಿತು. ಡೆಲ್ ಕ್ಯಾಸ್ಟಿಲೊ ಮಾತ್ರ 2022ರಲ್ಲಿ ಸೋತರು. ಸರ್ಕಾರ ನಿಯಂತ್ರಿಸುತ್ತಿರುವುದು ವೃತ್ತಿಯನ್ನು, ಮಾತಿಗೆ ಆಗುವ ಅಡ್ಡಿ ಅದರ ಜೊತೆಗೆ ಬರುವಂಥದ್ದು ಎಂಬುದು ಕೋರ್ಟಿನ ನಿಲುವು.

ಆ ನಿಲುವನ್ನು ನಾವು ಒಪ್ಪುವುದಿಲ್ಲ. ಸಾವಿರಾರು ಜನ ಓದುವ ಪುಸ್ತಕದಲ್ಲಿ ಬರೆಯಬಹುದಾದ ಒಂದು ವಾಕ್ಯವನ್ನು ಕೇಳಿದ ಒಬ್ಬರಿಗೆ ಹೇಳಿದರೆ ಅಪರಾಧ ಹೇಗಾಗುತ್ತದೆ?

ಹಾಗೆಂದು ಎದುರು ವಾದದಲ್ಲಿ ಹುರುಳಿಲ್ಲ ಎಂದಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಯಾರದೋ ಮಾತು ಕೇಳಿ ಅನ್ನ, ಮುದ್ದೆ ಒಮ್ಮೆಲೇ ಬಿಟ್ಟು ಇನ್ಸುಲಿನ್ ಪ್ರಮಾಣ ಹಾಗೇ ಇಟ್ಟರೆ ರಕ್ತದ ಸಕ್ಕರೆ ಪ್ರಜ್ಞೆ ತಪ್ಪುವಷ್ಟು ಕುಸಿಯಬಹುದು. ಕಿಡ್ನಿ ಕೆಟ್ಟವರಿಗೆ ಎಳನೀರು, ಬಾಳೆಹಣ್ಣಿನ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಏರುಪೇರು ಮಾಡಬಹುದು. ‘ಎಳನೀರು ಎಲ್ಲರಿಗೂ ಒಳ್ಳೆಯದು’ ಎಂದು ಫಾರ್ವರ್ಡ್ ಮಾಡುವವರಿಗೆ ಇದು ಗೊತ್ತಿರುವುದಿಲ್ಲ. ಆದರೆ ಈ ಕಾನೂನು ಹಿಡಿಯುವುದು ಹೆಸರಿಲ್ಲದ ಫಾರ್ವರ್ಡ್‌ಗಳನ್ನಲ್ಲ, ಸ್ವಂತ ಹೆಸರು, ವಿಳಾಸ ಹಾಕಿಕೊಂಡು ಉತ್ತರಿಸುವವರನ್ನು.

ಮಧ್ಯದ ದಾರಿ ಇದೆ. ಕೇಸು ನಡೆಯುತ್ತಿದ್ದಾಗಲೇ, 2020ರಲ್ಲಿ, ಫ್ಲೋರಿಡಾ ಕಾನೂನು ತಿದ್ದಿತು. ಲೈಸೆನ್ಸ್ ಇದೆ ಎಂದು ಸುಳ್ಳು ಹೇಳದಿದ್ದರೆ ಯಾರಾದರೂ ಸಲಹೆ ಕೊಡಬಹುದು, ಆದರೆ ಡಾಕ್ಟರ ಆರೈಕೆಯಲ್ಲಿದ್ದು ಪಥ್ಯವೇ ಚಿಕಿತ್ಸೆಯಾಗಿರುವ ರೋಗಿಗಳಿಗೆ ಅಲ್ಲ. ಹಾಗಾಗಿ ಫ್ಲೋರಿಡಾದ ದಂಡದ ಕಥೆ ಈಗ ಹಳೆಯದು.

ಇನ್ನು ನಮ್ಮಲ್ಲಿ? 2021ರ ಕೇಂದ್ರ ಕಾನೂನೊಂದು ಡಯೆಟಿಷಿಯನ್, ನ್ಯೂಟ್ರಿಷನಿಸ್ಟ್‌ಗಳನ್ನು ಆರೋಗ್ಯ ವೃತ್ತಿಪರರ ಪಟ್ಟಿಗೆ ಸೇರಿಸಿ ನೋಂದಣಿಗೆ ವ್ಯವಸ್ಥೆ ಮಾಡಿದೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಇನ್‌ಫ್ಲುಯೆನ್ಸರ್‌ಗಳಿಗೆ ಮಾರ್ಗಸೂಚಿ ತಂದಿತು. ‘ನೀರು ಕುಡಿಯಿರಿ, ವ್ಯಾಯಾಮ ಮಾಡಿ’ ಎಂಬಂಥ ಸಾಮಾನ್ಯ ಮಾತು ಅದರ ವ್ಯಾಪ್ತಿಗೆ ಬರುವುದಿಲ್ಲ. ಸಕ್ಕರೆ ಕಾಯಿಲೆ, ಬೊಜ್ಜು ವಾಸಿ ಮಾಡುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದು ಮಾತ್ರ 1954ರ ಕಾನೂನಿನಡಿ ಅಪರಾಧ. ಜಾಹೀರಾತನ್ನು ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಟ್ಟರೂ ಅದು ಜಾಹೀರಾತೇ.