ಎರೆನಾಡಿನ ಅರಳೆ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡರ ನಡುವೆ ಹಾಸಿದ ಕಪ್ಪು ಎರೆನೆಲವೇ ರಾಯಚೂರು ದೋಆಬ್. ಇದರ ಒಡೆತನಕ್ಕಾಗಿ ಬಹಮನಿ ಸುಲ್ತಾನರೂ ಅವರ ತರುವಾಯ ಬಂದ ಆದಿಲಶಾಹಿಗಳೂ ವಿಜಯನಗರದ ಅರಸರೊಡನೆ ಇನ್ನೂರು ವರ್ಷ ಕಾದಿದರು. ರಾಯಚೂರಿನ ಕೋಟೆಗೋಡೆಯ ಮೇಲಿನ ಶಾಸನ 1294ರಷ್ಟು ಹಳೆಯದು. ದೇವದುರ್ಗ ಬೇಡ ನಾಯಕರ ಗಟ್ಟಿನೆಲೆ. ಮಾನ್ವಿಗೂ ತನ್ನದೇ ಕೋಟೆಯಿತ್ತು. ಈ ಸೀಮೆಯಲ್ಲಿ ಹತ್ತಿಗೂ ಬರವಿರಲಿಲ್ಲ, ಗಾಯಕ್ಕೂ ಬರವಿರಲಿಲ್ಲ.

1520ರ ಬೇಸಿಗೆಯಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಮುತ್ತಿದ. ನೆರವಿಗೆ ಬಂದ ಇಸ್ಮಾಯಿಲ್ ಆದಿಲಶಾಹನನ್ನು ಬಯಲಿನಲ್ಲಿ ಸೋಲಿಸಿ ಮತ್ತೆ ಕೋಟೆಯತ್ತ ತಿರುಗಿದ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಈ ಕಥೆಯನ್ನು ಬರೆದಿಟ್ಟಿದ್ದಾನೆ. ಗೋಡೆಯಿಂದ ಕಿತ್ತು ತಂದ ಒಂದೊಂದು ಕಲ್ಲಿಗೂ ಅದರ ಗಾತ್ರಕ್ಕೆ ತಕ್ಕಂತೆ ಸೈನಿಕರಿಗೆ ಹಣ ಸಲ್ಲುತ್ತಿತ್ತಂತೆ. ಫಿಗೈರೆದೊ ಎಂಬವನ ಬಂದೂಕುಗಾರರು ಕೆಳಗಿನಿಂದ ಗುರಿಯಿಟ್ಟರು. ತೆನೆಗಳ ನಡುವೆ ಇಣುಕಿದ ಕೋಟೆಯ ನಾಯಕನ ಹಣೆಗೆ ಗುಂಡು ತಗುಲಿತು. ಕಲ್ಲಿನ ಬೆಲೆಯನ್ನೂ ಗುಂಡು ಬಿದ್ದ ಜಾಗವನ್ನೂ ಇಷ್ಟು ವಿವರವಾಗಿ ಬರೆದವನು ಗಾಯಾಳುಗಳ ಗಾಯ ಕಟ್ಟಿದವರು ಯಾರೆಂದು ಬರೆಯಲಿಲ್ಲ. ಬಖೈರುಗಾರರ ಹಳೆಯ ಚಾಳಿ ಇದು.

ಅಂದಿನ ವೈದ್ಯರ ಕೈಯಲ್ಲಿದ್ದ ಶಾಸ್ತ್ರವಂತೂ ಬಡವಾಗಿರಲಿಲ್ಲ. ಸುಶ್ರುತಸಂಹಿತೆಯು ಗಾಯ ಹೊಲಿಯಲು ಸಣಬಿನ ನಾರು, ಅಗಸೆಯ ನೂಲು, ಕೂದಲು, ಪ್ರಾಣಿಯ ಸ್ನಾಯುಗಳನ್ನು ಹೇಳುತ್ತದೆ. ಕಟ್ಟಲು ಹತ್ತಿ, ಉಣ್ಣೆ, ರೇಷ್ಮೆಯ ಬಟ್ಟೆಗಳನ್ನು ಹೇಳುತ್ತದೆ. ಸೀಳಿದ ಕರುಳಿನ ಅಂಚಿಗೆ ಕರಿಯಿರುವೆಗಳನ್ನು ಕಚ್ಚಿಸಿ, ತಲೆ ಮಾತ್ರ ಉಳಿಸಿ ಮುಂಡವನ್ನು ಕತ್ತರಿಸಿ, ಕರುಳನ್ನು ಒಳಗೆ ತಳ್ಳುವ ವಿಧಾನವೂ ಅಲ್ಲಿದೆ. ಮೈಯೊಳಗೆ ಬಿಟ್ಟ ವಸ್ತು ಮುಂದೆ ಏನಾಗುತ್ತದೆ? ಈ ಪ್ರಶ್ನೆಯನ್ನು ಇಷ್ಟು ಹಿಂದೆಯೇ ಎದುರಿಸಿದವರು ಅಪರೂಪ.

ಉತ್ತರದ ಎರಡು ತುದಿಗಳೂ ಪಿಂಜಾರನ ಕೈಯಲ್ಲೇ ಇದ್ದವು. ಊರೂರು ತಿರುಗಿ ಗಾದಿಯ ಅರಳೆ ಹಿಂಜುತ್ತಿದ್ದ ಅವನ ಬಿಲ್ಲಿಗೆ ಪ್ರಾಣಿಯ ಕರುಳನ್ನು ಹುರಿಮಾಡಿದ ಹೆದೆ. ಮರದ ಗುಂಡಿನಿಂದ ಅದನ್ನು ಮೀಟಿದರೆ ‘ಟುಯ್ಯ್’ ಎಂದು ನಡುಗಿ, ಅಂಟಿಕೊಂಡ ಅರಳೆ ಬಿಡಿಬಿಡಿಯಾಗಿ ಹಾರುತ್ತಿತ್ತು. ಕರುಳಿನ ಹುರಿಯನ್ನು ಮೈ ಅರಗಿಸಿಕೊಳ್ಳುತ್ತದೆ. ಹತ್ತಿಯ ಎಳೆಯನ್ನು ಅರಗಿಸಿಕೊಳ್ಳಲಾರದು; ಅದರ ಸೆಲ್ಯುಲೋಸನ್ನು ಒಡೆಯುವ ಕಿಣ್ವ ಮನುಷ್ಯನಲ್ಲಿಲ್ಲ. ಮರೆತು ಒಳಗೇ ಬಿಟ್ಟ ಅರಳೆ ಅಲ್ಲೇ ಕೂತು ಕಾಡುತ್ತದೆ.

1853ರಲ್ಲಿ ಹೈದರಾಬಾದಿನ ನಿಜಾಮರು ತಮ್ಮ ಕೈಯಲ್ಲಿದ್ದ ದೋಆಬನ್ನು ಸಾಲದ ಲೆಕ್ಕಕ್ಕೆ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. 1860ರಲ್ಲಿ ಅದು ಹೈದರಾಬಾದಿಗೆ ಮರಳಿತು. ಮರುವರ್ಷ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿ, ಲ್ಯಾಂಕಶೈರಿನ ಗಿರಣಿಗಳು ಹಿಂದೂಸ್ಥಾನದ ಹತ್ತಿಗೆ ಮುಗಿಬಿದ್ದವು. 1871ರಲ್ಲಿ ಮುಂಬಯಿಯ ಹಳಿಯೂ ಮದರಾಸಿನ ಹಳಿಯೂ ರಾಯಚೂರಿನಲ್ಲಿ ಕೂಡಿದವು. ದೇವದುರ್ಗ, ಮಾನ್ವಿಗಳ ಎತ್ತಿನ ಗಾಡಿಗಳಿಗೆ ದೂರದ ಬಂದರು ಹತ್ತಿರವಾಯಿತು.

ಅತ್ತ ಬರ್ಮಿಂಗ್‌ಹ್ಯಾಮಿನ ಶಸ್ತ್ರವೈದ್ಯ ಜೋಸೆಫ್ ಗ್ಯಾಮ್ಜಿ 1880ರಲ್ಲಿ ಹೀರುವ ಅರಳೆಯ ಪಟ್ಟಿಯನ್ನು ಬಳಕೆಗೆ ತಂದ. ಹೊಲದಿಂದ ಬಿಡಿಸಿದ ಹತ್ತಿಯನ್ನು ನೀರಿಗೆ ಹಾಕಿದರೆ ತೇಲುತ್ತದೆ, ಎಳೆಗೆ ಮೇಣದ ಲೇಪವಿರುವುದರಿಂದ. ಕ್ಷಾರದಲ್ಲಿ ಕುದಿಸಿ ಮೇಣ ತೆಗೆದರೆ ಅದೇ ಹತ್ತಿ ರಕ್ತ, ಕೀವುಗಳನ್ನು ಹೀರಿಕೊಳ್ಳುತ್ತದೆ.

ಆ ಅರಳೆ ನಿಜಾಮರ ರಾಜಧಾನಿಯಲ್ಲಿ ಇನ್ನೊಂದು ಕೆಲಸಕ್ಕೆ ಬಂತು. ಅರಿವಳಿಕೆಗೆ ಕೊಡುತ್ತಿದ್ದ ಕ್ಲೋರೋಫಾರ್ಮಿನಿಂದ ಸಾಯುವವರಲ್ಲಿ ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂಬ ಜಗಳ ತೀರಿಸಲು ಶಸ್ತ್ರವೈದ್ಯ ಎಡ್ವರ್ಡ್ ಲಾರಿ 1888ರಲ್ಲೂ 1889ರಲ್ಲೂ ಹೈದರಾಬಾದಿನಲ್ಲಿ ಆಯೋಗ ನಡೆಸಿದ. ಖರ್ಚಿಗೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಬೆಂಬಲವಿತ್ತು. ಎರಡನೆಯ ಆಯೋಗಕ್ಕೆ ಲಂಡನ್ನಿನಿಂದ ವೈದ್ಯ ಲಾಡರ್ ಬ್ರಂಟನ್ ಬಂದ. ಬಾಯಗಲದ ಕುಲಾವಿಯೊಳಗೆ ಹೀರುವ ಅರಳೆಯನ್ನು ಹೊಲಿದು, ಅದರ ಮೇಲೆ ಕ್ಲೋರೋಫಾರ್ಮ್ ಹಾಕಿ, ರೋಗಿಯ ಉಸಿರಾಟವನ್ನೇ ಗಮನಿಸುತ್ತಿರಬೇಕೆಂದು ಆಯೋಗ ವಿಧಿಸಿತು. ಔಷಧವನ್ನು ಹಿಡಿದಿಟ್ಟು, ಗಾಳಿಯೊಡನೆ ಬೆರೆಸಿ, ಹದವಾಗಿ ಬಿಡುವುದು ಅರಳೆಯ ಪಾಲಿನ ಕೆಲಸ. ಹೃದಯ ಸುರಕ್ಷಿತವೆಂಬ ಆಯೋಗದ ತೀರ್ಮಾನ ಮಾತ್ರ ನಿಲ್ಲಲಿಲ್ಲ. ಹಗುರ ಅರಿವಳಿಕೆಯಲ್ಲೂ ಹೃದಯ ಕಂಪಿಸಿ ನಿಲ್ಲಬಹುದೆಂದು 1911ರಲ್ಲಿ ಲೆವಿ ಎಂಬ ವೈದ್ಯ ತೋರಿಸಿಕೊಟ್ಟ. ಆಯೋಗದ ತತ್ತ್ವ ಬಿದ್ದುಹೋಯಿತು. ಉಸಿರಿನ ಮೇಲೆ ಕಣ್ಣಿಡುವ ಶಿಸ್ತು ಉಳಿಯಿತು.

ಹತ್ತಿಯ ಮೊಂಡುತನವನ್ನು ಮುರಿದದ್ದು ರಸಾಯನಶಾಸ್ತ್ರ. 1942ರಲ್ಲಿ ಅಮೆರಿಕದ ಯಾಕೆಲ್ ಮತ್ತು ಕೆನ್ಯನ್ ನೈಟ್ರೋಜನ್ ಡೈಆಕ್ಸೈಡಿನಿಂದ ಸೆಲ್ಯುಲೋಸನ್ನು ಉತ್ಕರ್ಷಿಸಿದರು. ಹೀಗೆ ಮಾರ್ಪಟ್ಟ ಜಾಳಿಗೆಬಟ್ಟೆಯನ್ನು ರಕ್ತ ಒಸರುವ ಕಡೆ ಇಟ್ಟರೆ ರಕ್ತ ಹೆಪ್ಪುಗಟ್ಟುತ್ತದೆ, ಬಟ್ಟೆ ಮೆಲ್ಲಗೆ ಕರಗಿ ಮೈಗೆ ಸೇರುತ್ತದೆ. ತೆಗೆಯಲು ಮತ್ತೆ ಹೊಟ್ಟೆ ಕೊಯ್ಯಬೇಕಿಲ್ಲ. ಅಲ್ಲಿಯವರೆಗೆ ಗಾಯದ ಹೊರಗೆ ನಿಂತು ಸೇವೆ ಮಾಡಿದ ಹತ್ತಿಗೆ ಒಳಗೆ ಹೋಗಿ ಮುಗಿದುಹೋಗುವ ಗುಣ ಬಂತು.

1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಅದಾಗಿ ಕೆಲವೇ ವರ್ಷಗಳಲ್ಲಿ, 1962ರಲ್ಲಿ, ಸೆಲ್ಯುಲೋಸಿನ ಇನ್ನೊಂದು ರೂಪವನ್ನು ಮಾತ್ರೆಯಲ್ಲಿ ಬೆರೆಸುವ ಹಕ್ಕುಪತ್ರ ಅಮೆರಿಕದಲ್ಲಿ ಹೊರಬಿತ್ತು. ಹೊಟ್ಟೆಯ ನೀರು ತಾಗಿದೊಡನೆ ಇಂಥ ಮಾತ್ರೆ ನೆನೆಸಿದ ಕಾಮಕಸ್ತೂರಿ ಬೀಜದಂತೆ ಲೋಳೆ ಕಟ್ಟುತ್ತದೆ. ಔಷಧ ಆ ಲೋಳೆಯನ್ನು ದಾಟಿ ಗಂಟೆಗಟ್ಟಲೆ ಒಸರುತ್ತದೆ. ದಿನಕ್ಕೆ ಮೂರು ಸಲ ನುಂಗಬೇಕಾದದ್ದು ಒಂದೇ ಸಲಕ್ಕೆ ಇಳಿಯುವುದು ಹೀಗೆ.

ಅದಕ್ಕೆ ಬೇಕಾದ ಸೆಲ್ಯುಲೋಸನ್ನು ಮರದ ತಿರುಳಿನಿಂದ ತೆಗೆಯುತ್ತಾರೆ. ಜಿನ್ನಿಂಗ್ ಆದ ಮೇಲೂ ಹತ್ತಿಕಾಳಿಗೆ ಅಂಟಿಕೊಂಡಿರುವ ಗಿಡ್ಡ ನವಿರಿನಿಂದಲೂ ತೆಗೆಯುತ್ತಾರೆ. ಹಳ್ಳಿಯ ಹಟ್ಟಿಗಳಲ್ಲಿ ಆ ಕಾಳನ್ನು ನವಿರಿನ ಸಮೇತ ನೆನೆಸಿ, ರುಬ್ಬಿ, ಹಾಲು ಕೊಡುವ ಎಮ್ಮೆಗೆ ಇಡುತ್ತಿದ್ದರು. ಸೆಲ್ಯುಲೋಸು ಮನುಷ್ಯನಿಗೆ ಅರಗದಿದ್ದರೂ ಎಮ್ಮೆಗೆ ಸುಖವಾಗಿ ಅರಗುತ್ತದೆ.